ಬೆಂಕಿಗೆ ಬೇಕಾದ್ದು ಮೂರು ನಿಮಿಷ, ಗಾಡಿ ಬರಲು ಅರ್ಧ ತಾಸು

ಮಾನ್ಯ ಸಂಪಾದಕರೇ,

ಚೌತಿಯಿಂದ ಹಿಡಿದು ಶಿವರಾತ್ರಿ ದಾಟುವ ತನಕ ಉತ್ತರ ಕನ್ನಡದಲ್ಲಿ ಪೆಂಡಾಲ್ ಏಳದ ವಾರವಿಲ್ಲ. ಗಣಪತಿ ಮಂಟಪ, ನವರಾತ್ರಿಯ ಕುಣಿತ, ಡೇರೆ ಕಟ್ಟಿ ಆಡುವ ಯಕ್ಷಗಾನ, ಶಾಲೆಗಳ ಗ್ಯಾದರಿಂಗ್ (ವಾರ್ಷಿಕೋತ್ಸವ), ಕಾರವಾರದ ಕಡಲತೀರದಲ್ಲಿ ರಸಮಂಜರಿ, ವರ್ಷದ ಕೊನೆಯ ರಾತ್ರಿ ಗೋಕರ್ಣ, ಮುರ್ಡೇಶ್ವರ ಕಡೆಯ ರೆಸಾರ್ಟುಗಳಲ್ಲಿ ಡಿಜೆ, ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬೆಯ ಜಾತ್ರೆಯಲ್ಲಿ ನಾಟಕದ ಥಿಯೇಟರ್, ಸರ್ಕಸ್, ತೊಟ್ಟಿಲು. ಹೆಚ್ಚಿನವಕ್ಕೆ ಅನುಮತಿ ಪತ್ರ ಇರುತ್ತದೆ. ಎಲ್ಲೋ ಒಂದು ಕಂಬಕ್ಕೆ ಕೆಂಪು ಸಿಲಿಂಡರನ್ನೂ ತೂಗುಹಾಕಿರುತ್ತಾರೆ. ಆದರೆ ಬೆಂಕಿ ಹಿಡಿದರೆ ಒಳಗಿದ್ದವರು ಉಳಿಯುತ್ತಾರೋ ಇಲ್ಲವೋ ಎಂಬುದು ಹಿಂದಿನ ದಿನವೇ ತೀರ್ಮಾನವಾಗಿರುತ್ತದೆ. ತಲೆಯ ಮೇಲೆ ಏನು ಹೊದಿಸಿದ್ದಾರೆ, ವೈರು ಎಷ್ಟು ದಪ್ಪ ಇದೆ, ಹೊರಗೆ ಹೋಗಲು ಎಷ್ಟು ದಾರಿ ಬಿಟ್ಟಿದ್ದಾರೆ ಎಂಬುದರಲ್ಲಿ.

ಮಾಜಾಳಿ ಗಡಿಯಾಚೆ, ಗೋವಾದ ಅರ್ಪೋರಾದಲ್ಲಿ 2025ರ ಡಿಸೆಂಬರ್ 6ರ ನಡುರಾತ್ರಿ ನೈಟ್‌ಕ್ಲಬ್ ಒಂದಕ್ಕೆ ಬೆಂಕಿ ಬಿದ್ದು 25 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಅಲ್ಲಿ ಕೆಲಸಕ್ಕಿದ್ದವರು. ಹೊಗೆ ಕುಡಿದು ಸತ್ತವರೇ ಬಹಳ. ದಾರಿ ಇಕ್ಕಟ್ಟಾಗಿದ್ದರಿಂದ ಅಗ್ನಿಶಾಮಕ ವಾಹನ ದೂರದಲ್ಲೇ ನಿಲ್ಲಬೇಕಾಯಿತು. ಇದನ್ನು ನಮ್ಮ ಊರುಗಳಿಗೆ ಹೊಂದಿಸಿ ನೋಡಿ. ಕುಮಟೆಯಿಂದ ಗೋಕರ್ಣಕ್ಕೆ ಮೂವತ್ತು ಕಿಲೋಮೀಟರಿನಷ್ಟು ದಾರಿ. ಓಂ ಬೀಚಿಗೆ ಬಂದ ವಾಹನ ಗುಡ್ಡದ ಮೇಲೇ ನಿಲ್ಲಬೇಕು, ಅಲ್ಲಿಂದ ಕೆಳಗೆ ಮೆಟ್ಟಿಲು. ಹಾಫ್ ಮೂನ್, ಪ್ಯಾರಡೈಸ್ ತೀರಗಳಿಗೆ ಕಾಲುದಾರಿ, ಇಲ್ಲವೇ ದೋಣಿ. ಶಿರಸಿಯಲ್ಲಿ ಜಾತ್ರೆಯ ಸಂಜೆ ಬಿಡಕಿಬೈಲಿನ ಸುತ್ತಲಿನ ಬೀದಿಗಳಲ್ಲಿ ಸೈಕಲ್ ತಳ್ಳಿಕೊಂಡು ಹೋಗುವುದೇ ಕಷ್ಟ. ಘಟ್ಟದ ಮೇಲಿನ ಹಳ್ಳಿಯ ಶಾಲಾ ಮೈದಾನಕ್ಕೆ ಗಾಡಿ ಬರಲು ಅರ್ಧ ತಾಸು ಎಂದರೆ ಅದು ಬೇಗ ಬಂದ ಲೆಕ್ಕ. ಸಿಬ್ಬಂದಿ ಎಷ್ಟೇ ಚುರುಕಾಗಿದ್ದರೂ ಈ ಅಂತರವನ್ನು ಅವರು ಕಡಿಮೆ ಮಾಡಲಾರರು.

ಬೆಂಕಿಯ ಲೆಕ್ಕವೇ ಬೇರೆ. ಅಮೆರಿಕದ ವೆಸ್ಟ್ ವಾರ್ವಿಕ್‌ನ ಸ್ಟೇಷನ್ ನೈಟ್‌ಕ್ಲಬ್‌ನಲ್ಲಿ 2003ರ ಫೆಬ್ರುವರಿ 20ರಂದು ವೇದಿಕೆಯ ಕಿಡಿ ಗೋಡೆಯ ಫೋಮಿಗೆ ತಗುಲಿತು. ಎರಡು ನಿಮಿಷ ತುಂಬುವುದರೊಳಗೆ ಮುಂಬಾಗಿಲಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ದಾರಿ ಕಟ್ಟಿಹೋಯಿತು. 100 ಜನ ಸತ್ತರು. ನಮ್ಮಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಡೇರೆ 1981ರ ಫೆಬ್ರುವರಿ 7ರಂದು ಉರಿದಾಗ 92 ಜನ ಹೋದರು, ಬಹುಪಾಲು ಮಕ್ಕಳು. ಹರಿಯಾಣದ ಡಬ್ವಾಲಿಯಲ್ಲಿ 1995ರ ಡಿಸೆಂಬರ್ 23ರಂದು ಶಾಲೆಯ ಬಹುಮಾನ ವಿತರಣೆ ನಡೆಯುತ್ತಿತ್ತು. ಸಿಂಥೆಟಿಕ್ ಬಟ್ಟೆಯ ಶಾಮಿಯಾನ ಹೊತ್ತಿಕೊಂಡು ನಾನೂರಕ್ಕೂ ಹೆಚ್ಚು ಜನ ಸತ್ತರು. ಡಬ್ವಾಲಿಯ ಆ ಪೆಂಡಾಲಿಗೂ ನಮ್ಮ ಗ್ಯಾದರಿಂಗಿನ ಪೆಂಡಾಲಿಗೂ ವ್ಯತ್ಯಾಸ ಹುಡುಕಿದರೆ ಸಿಗುವುದು ಕಷ್ಟ. ಈ ಮಾತನ್ನು ಶಾಲಾ ಮುಖ್ಯಸ್ಥರು ಮನಸ್ಸಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇವೆ.

ಮೊದಲು ಹೊದಿಕೆಯ ವಿಷಯ. ಹಿಂದೆ ನಮ್ಮಲ್ಲಿ ಚಪ್ಪರವೆಂದರೆ ಹಸಿ ಮಡ್ಲು (ಹೆಣೆದ ತೆಂಗಿನ ಗರಿ), ಅಡಿಕೆ ಸೋಗೆ. ಹಸಿಯಾಗಿದ್ದಾಗ ಅದಕ್ಕೆ ಬೆಂಕಿ ಹಚ್ಚುವುದು ಸುಲಭವಲ್ಲ. ಎರಡು ಮೂರು ವಾರ ಒಣಗಿದ ಮೇಲೆ ಅದೇ ಸೋಗೆ ಒಲೆಗೆ ಹಾಕುವ ಪುರಲೆಗೆ ಸಮ. ಈಗ ತೀರದ ಶ್ಯಾಕ್‌ಗಳಲ್ಲಿ (ಗುಡಿಸಲು ಹೋಟೆಲುಗಳಲ್ಲಿ), ‘ಹಳ್ಳಿ ಮನೆ’ ಮಾದರಿಯ ಹೋಟೆಲುಗಳಲ್ಲಿ ಇದನ್ನು ಅಂದಕ್ಕೆಂದು ವರ್ಷಗಟ್ಟಲೆ ಬಿಡುತ್ತಾರೆ. ಅಕ್ಟೋಬರ್‌ನಲ್ಲಿ ಹೊಚ್ಚಿದ್ದು ಡಿಸೆಂಬರ್ 31ಕ್ಕೆ ಸರಿಯಾಗಿ ಒಣಗಿ ಸಿದ್ಧವಾಗಿರುತ್ತದೆ. ಪೆಂಡಾಲಿನವರು ತರುವ ಬಣ್ಣದ ಬಟ್ಟೆ ಹೆಚ್ಚಾಗಿ ಪಾಲಿಯೆಸ್ಟರ್. ಅದು 250 ಡಿಗ್ರಿ ಆಸುಪಾಸಿನಲ್ಲಿ ಕರಗಿ, ಉರಿಯುವ ಹನಿಯಾಗಿ ಕೆಳಗೆ ಕೂತವರ ತಲೆ, ಭುಜದ ಮೇಲೆ ಬೀಳುತ್ತದೆ. ಚರ್ಮಕ್ಕೆ ಅಂಟಿದ ಆ ಹನಿಯನ್ನು ಕೊಡವಿ ತೆಗೆಯಲಾಗುವುದಿಲ್ಲ. ಥರ್ಮಾಕೋಲ್ 100 ಡಿಗ್ರಿ ಮುಟ್ಟುವಾಗಲೇ ಮೆತ್ತಗಾಗಿ ಕುಸಿಯುತ್ತದೆ, ಹೊತ್ತಿಕೊಂಡರೆ ಕಪ್ಪು ಹೊಗೆ. ಸದ್ದು ಹೊರಗೆ ಹೋಗದಿರಲೆಂದು ಹಾಲ್‌ಗಳ ಗೋಡೆಗೆ ಅಂಟಿಸುವ ಹಾಸಿಗೆಯಂಥ ಫೋಮ್ ಎಲ್ಲಕ್ಕಿಂತ ಕೆಟ್ಟದ್ದು. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಸಯನೈಡ್ ಅನಿಲವೂ ಇರುತ್ತದೆ. ಕೆಲವೇ ಉಸಿರಿಗೆ ಮನುಷ್ಯ ಕುಸಿದು ಬೀಳುತ್ತಾನೆ. ಬ್ರೆಜಿಲ್‌ನ ಸಾಂತಾ ಮರಿಯಾದ ಕಿಸ್ ನೈಟ್‌ಕ್ಲಬ್‌ನಲ್ಲಿ 2013ರ ಜನವರಿ 27ರಂದು 242 ಜನರನ್ನು ಕೊಂದದ್ದು ಮುಖ್ಯವಾಗಿ ಈ ಹೊಗೆಯೇ. ಪ್ಲಾಸ್ಟಿಕ್ ಹೂವಿನ ಮಾಲೆ, ಹಸಿರು ಶೇಡ್ ನೆಟ್, ನೆಲಕ್ಕೆ ಹಾಸುವ ಕೃತಕ ಹುಲ್ಲು ಇವೂ ಇದೇ ಜಾತಿಯವು.

ಪರೀಕ್ಷೆ ಮಾಡಲು ಪ್ರಯೋಗಾಲಯ ಬೇಡ. ಬಟ್ಟೆಯ ಅಂಚಿನಿಂದ ಎರಡು ಬೆರಳು ಅಗಲ, ಒಂದು ಗೇಣು ಉದ್ದದ ತುಂಡು ಕತ್ತರಿಸಿ, ಬಯಲಿನಲ್ಲಿ ಇಕ್ಕಳದಿಂದ ಹಿಡಿದು, ಕೆಳತುದಿಗೆ ಹನ್ನೆರಡು ಸೆಕೆಂಡು ಬೆಂಕಿಕಡ್ಡಿಯ ಉರಿ ಕೊಡಿ. ಪಕ್ಕದಲ್ಲಿ ಬಕೆಟ್ ನೀರಿರಲಿ. ಕಡ್ಡಿ ತೆಗೆದ ಮೇಲೂ ಎರಡು ಸೆಕೆಂಡಿಗಿಂತ ಹೆಚ್ಚು ಉರಿದರೆ, ಅಥವಾ ಉರಿಯುವ ಹನಿ ಕೆಳಗೆ ಬಿದ್ದರೆ ಆ ಬಟ್ಟೆ ಬೇಡ. ಬಾಡಿಗೆ ಮಾತಾಡುವಾಗಲೇ ಈ ಪರೀಕ್ಷೆ ಮಾಡಿಬಿಟ್ಟರೆ ಪೆಂಡಾಲಿನವರೂ ಮುಂದಿನ ಸಲ ಒಳ್ಳೆಯ ಬಟ್ಟೆ ತರುತ್ತಾರೆ. ಪೆಂಡಾಲುಗಳಿಗೆಂದೇ ಇರುವ ಭಾರತೀಯ ಮಾನಕ ಐಎಸ್ 8758 ಸಿಂಥೆಟಿಕ್ ಬಟ್ಟೆ, ಸಿಂಥೆಟಿಕ್ ಹಗ್ಗ ಬೇಡವೆಂದೇ ಹೇಳುತ್ತದೆ. ನೈಲಾನ್ ಹಗ್ಗ ಕರಗಿದರೆ ಚೌಕಟ್ಟು ಜನರ ಮೇಲೆ ಬೀಳುತ್ತದೆ. ನಮ್ಮ ಕತ್ತದ ಹಗ್ಗ ಅಷ್ಟು ಬೇಗ ಕೈಬಿಡುವುದಿಲ್ಲ.

ಹತ್ತಿ ಬಟ್ಟೆ, ಗೋಣಿ, ಸೋಗೆ ಬಳಸುವವರು ಅದಕ್ಕೆ ಬೆಂಕಿ ತಡೆಯುವ ದ್ರಾವಣವನ್ನು ತಾವೇ ಮಾಡಿಕೊಳ್ಳಬಹುದು. 100 ಲೀಟರ್ ನೀರಿಗೆ 7 ಕೆಜಿ ಬಿಳಿಗಾರ (ಬೋರಾಕ್ಸ್), 3 ಕೆಜಿ ಬೋರಿಕ್ ಆಸಿಡ್ ಪುಡಿ. ಬೋರಿಕ್ ಪುಡಿ ತಣ್ಣೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಹತ್ತು ಹದಿನೈದು ಲೀಟರ್ ಬಿಸಿನೀರಿನಲ್ಲಿ ಎರಡನ್ನೂ ಮೊದಲು ಕದಡಿ ಆಮೇಲೆ ಉಳಿದ ನೀರಿಗೆ ಸೇರಿಸಿ. ಬಟ್ಟೆಯನ್ನು ಪೂರ್ತಿ ನೆನೆಸಿ, ಹೆಚ್ಚು ಹಿಂಡದೆ ನೆರಳಲ್ಲಿ ಒಣಗಿಸಿ. ಸೋಗೆಗಾದರೆ ಹೊಚ್ಚುವ ಮೊದಲೇ ಎರಡೂ ಮಗ್ಗುಲಿಗೆ, ನೀರು ತೊಟ್ಟಿಕ್ಕುವಷ್ಟು ಪಂಪಿನಿಂದ ಹೊಡೆಯಿರಿ. ಹೊಚ್ಚಿದ ಮೇಲೆ ಹೊಡೆದರೆ ಮಡಿಕೆಗಳ ಒಳಗೆ ದ್ರಾವಣ ಇಳಿಯುವುದಿಲ್ಲ. ಕೈಗವಸು ಹಾಕಿಕೊಳ್ಳಿ, ಅಡುಗೆ ಪಾತ್ರೆಯಲ್ಲಿ ಕಲಸಬೇಡಿ, ಉಳಿದದ್ದನ್ನು ದನ ಕುಡಿಯುವ ಜಾಗಕ್ಕೆ ಚೆಲ್ಲಬೇಡಿ. ಒಂದು ಎಚ್ಚರಿಕೆ: ಇದು ನೀರಿನಲ್ಲಿ ಕರಗುವ ಉಪ್ಪು. ಒಂದು ಮಳೆ ಬಂದರೆ ತೊಳೆದುಹೋಗುತ್ತದೆ. ಕರಾವಳಿಯ ಇಬ್ಬನಿಗೂ ಮೇಲ್ಮೈ ಸವೆಯುತ್ತದೆ. ಆದ್ದರಿಂದ ಸೋಗೆಯ ಮಾಡಿನಿಂದ (ಚಾವಣಿಯಿಂದ) ತಿಂಗಳಿಗೊಮ್ಮೆ ತುಂಡು ತೆಗೆದು ಕಡ್ಡಿ ಪರೀಕ್ಷೆ ಮಾಡಿ, ಬೇಕಾದರೆ ಮತ್ತೆ ಹೊಡೆಯಿರಿ. ಪಾಲಿಯೆಸ್ಟರಿಗೆ ಇದನ್ನು ಹಚ್ಚಿ ಪ್ರಯೋಜನವಿಲ್ಲ, ಹೀರಿಕೊಳ್ಳುವುದಿಲ್ಲ.

ಹೊದಿಕೆ ನೆಲದಿಂದ 3 ಮೀಟರಿಗೆ ಕಡಿಮೆ ಇರಬಾರದು. ಕೆಳಗಿದ್ದಷ್ಟೂ ಹೊಗೆ ಬೇಗ ಮುಖಕ್ಕೆ ಇಳಿಯುತ್ತದೆ. ವಿದ್ಯುತ್ ತಂತಿಯ ಕೆಳಗೆ ಪೆಂಡಾಲ್ ಹಾಕುವುದೇ ಬೇಡ.

ಈಗ ಮದುವೆಯಿಂದ ಹಿಡಿದು ಮಕ್ಕಳ ಡ್ಯಾನ್ಸ್ ತನಕ ಎಲ್ಲೆಡೆ ಬಂದಿರುವ ‘ಕೋಲ್ಡ್ ಪೈರೋ’. ತಂಪು ಎಂಬುದು ಹೆಸರಿನಲ್ಲಿ ಮಾತ್ರ. ಯಂತ್ರದೊಳಗೆ ಟೈಟಾನಿಯಂ, ಜಿರ್ಕೋನಿಯಂ ಪುಡಿಯನ್ನು ಬಿಸಿ ಮಾಡಿ ಗಾಳಿಯಿಂದ ಮೇಲಕ್ಕೆ ಎಸೆಯುತ್ತಾರೆ. ಕಿಡಿ ಎರಡು ಮೂರು ಮೀಟರ್ ಹಾರಿದ ಮೇಲೆ ಕೈಗೆ ಸುಡದಿರಬಹುದು. ಬಾಯಿಯ ಹತ್ತಿರ ಅದು ಬೆಂಕಿಯೇ. ಒಣ ಸೋಗೆ, ಪ್ಲಾಸ್ಟಿಕ್ ಹೂವು, ವೇದಿಕೆಯ ಹಿಂದಿನ ಪರದೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಆ ಪುಡಿ ಚೆಲ್ಲಿ ಹೊತ್ತಿಕೊಂಡಾಗ ನೀರು ಹಾಕಿದರೆ ಇನ್ನೂ ಭುಗಿಲೇಳುತ್ತದೆ, ಅದಕ್ಕೆ ಒಣ ಮರಳೇ ಬೇಕು. ನಮ್ಮ ಅಭಿಪ್ರಾಯ ನೇರ: ಮಾಡು ಇರುವ ಯಾವ ಜಾಗದಲ್ಲೂ ಇದು ಬೇಡ. ಬಯಲಲ್ಲಿ ಹಾರಿಸುವುದಾದರೂ ಸುತ್ತ 5 ಮೀಟರ್ ಜನ, ಬಟ್ಟೆ, ಹೂವು ಇಲ್ಲದ ಜಾಗ ಬಿಡಿ. ಕೇಕಿನ ಮೇಲೆ, ಬಾಟಲಿಯ ಕುತ್ತಿಗೆಗೆ ಸಿಕ್ಕಿಸಿ ಎತ್ತಿ ಹಿಡಿಯುವ ಸುರುಸುರು ಬತ್ತಿಯ ಉರಿ 1000 ಡಿಗ್ರಿ ದಾಟುತ್ತದೆ. ಎತ್ತಿದ ಕೈಗೂ ತಗ್ಗಿನ ಮಾಡಿಗೂ ನಡುವೆ ಎಷ್ಟು ಅಂತರ ಉಳಿಯುತ್ತದೆ, ನೀವೇ ಅಳೆದು ನೋಡಿ. ಹುಕ್ಕಾ ಕೆಂಡದ ಮಾತೂ ಅಷ್ಟೇ. ಮುಂಬೈಯ ಕಮಲಾ ಮಿಲ್ಸ್ ಆವರಣದಲ್ಲಿ 2017ರ ಡಿಸೆಂಬರ್ 29ರ ನಡುರಾತ್ರಿ ಮಹಡಿ ಮೇಲಿನ ರೆಸ್ಟೋರೆಂಟುಗಳು ಉರಿದು 14 ಜನ ಸತ್ತ ಮೇಲೆ ತನಿಖೆಯವರು ಬೊಟ್ಟು ಮಾಡಿದ್ದು ಆ ಕೆಂಡದ ಕಡೆಗೆ.

ಯಕ್ಷಗಾನದವರಿಗೂ ಒಂದು ಮಾತು. ರಾಕ್ಷಸ ವೇಷದ ಪ್ರವೇಶಕ್ಕೆ ದೊಂದಿಯ ಮೇಲೆ ರಾಳದ ಪುಡಿ ಎರಚುವುದು ನಮ್ಮ ಕಲೆಯ ಸೊಬಗು, ಅದನ್ನು ಬಿಡಿ ಎನ್ನುವವರು ನಾವಲ್ಲ. ಆದರೆ ರಾಳದ ಪುಡಿ ನುಣುಪಾಗಿದ್ದಷ್ಟೂ ಉರಿಯ ಚೆಂಡು ದೊಡ್ಡದಾಗುತ್ತದೆ. ತೆರೆದ ಬಯಲಿನ ಆಟಕ್ಕೂ ತಗ್ಗಿನ ಶಾಮಿಯಾನದ ಕೆಳಗಿನ ಆಟಕ್ಕೂ ಒಂದೇ ಹಿಡಿ ಪುಡಿ ಎಂದು ಲೆಕ್ಕ ಹಾಕಬಾರದು. ಮೇಲೆ ಹೊದಿಕೆ ಇರುವಲ್ಲಿ ರಾಳ ಬೇಡ. ಬಯಲಿನಲ್ಲಿ ರಾಳ ಎರಚುವಾಗಲೂ ದೊಂದಿ ಹಿಡಿದವನ ಹಿಂದೆ ಒಬ್ಬರು ಒದ್ದೆ ಗೋಣಿ ಹಿಡಿದು ನಿಂತಿರಲಿ. ಪುಡಿಯ ಡಬ್ಬಿ ಮುಚ್ಚಿರಲಿ, ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಇರಲಿ. ಆ ಚೌಕಿಯಲ್ಲೇ ಹತ್ತಿ, ಎಣ್ಣೆ, ಬಟ್ಟೆ, ಕಿರೀಟದ ಬೇಗಡೆ ಎಲ್ಲ ಒಟ್ಟಿಗಿರುತ್ತವೆ, ಚಹಾದ ಸ್ಟೋವೂ ಅಲ್ಲೇ. ಸ್ಟೋವನ್ನು ಮಾತ್ರ ಹೊರಗೆ, ಹತ್ತು ಹೆಜ್ಜೆ ದೂರ ಇಡಿ. ಚೌಕಿಗೆ ರಂಗಸ್ಥಳದ ಕಡೆಯ ದಾರಿಯಲ್ಲದೆ ಹಿಂದಿನಿಂದ ಇನ್ನೊಂದು ದಾರಿ ಇರಲೇಬೇಕು. ಪೂರ್ತಿ ವೇಷ ಕಟ್ಟಿಕೊಂಡವರು ಓಡಲಾರರು.

ವೈರಿಂಗ್ ವಿಷಯವನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕಾಗಿದೆ. ‘ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ’ ಎಂದು ಮರುದಿನ ಪತ್ರಿಕೆಯಲ್ಲಿ ಬರುವ ಒಂದು ಸಾಲಿನ ಹಿಂದೆ ನಾಲ್ಕೈದು ಬೇರೆ ಬೇರೆ ತಪ್ಪುಗಳಿರುತ್ತವೆ.

ಮೊದಲನೆಯದು ಹೊರೆ. 230 ವೋಲ್ಟಿನಲ್ಲಿ 1000 ವ್ಯಾಟಿಗೆ ಸುಮಾರು 4.3 ಆಂಪಿಯರ್ ಹರಿಯುತ್ತದೆ. ಎಲ್‌ಇಡಿ ಬಂದ ಮೇಲೆ ದೀಪದ ಹೊರೆ ಇಳಿದಿದೆ, ನಿಜ. ಆದರೆ ಪೆಂಡಾಲಿನ ಮಗ್ಗುಲಿನ ತಿಂಡಿ ಸ್ಟಾಲಿನಲ್ಲಿ 2500 ವ್ಯಾಟಿನ ಫ್ರೈಯರ್, 1500ರ ಕಾಫಿ ಯಂತ್ರ, 1400ರ ಪಾಪ್‌ಕಾರ್ನ್ ಯಂತ್ರ ಒಂದೇ ಬೋರ್ಡಿಗೆ ಸಿಕ್ಕಿಸಿದರೆ 5400 ವ್ಯಾಟ್, ಅಂದರೆ 23 ಆಂಪಿಯರಿಗೂ ಹೆಚ್ಚು. ಅಲ್ಲಿಗೆ ಎಳೆದಿರುವುದು 1.5 ಚದರ ಮಿಲಿಮೀಟರಿನ ತಾಮ್ರದ ವೈರಾದರೆ ಅದು ತಡೆಯುವುದು 15 ಆಂಪಿಯರಿನಷ್ಟು. ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಒಂದೂವರೆ ಪಟ್ಟು ಕರೆಂಟಿಗೆ ಎರಡೂಕಾಲು ಪಟ್ಟು ಬಿಸಿ. ವೈರನ್ನು ಸುರುಳಿ ಸುತ್ತಿ ಕಾರ್ಪೆಟ್ಟಿನಡಿ ತುರುಕಿದ್ದರೆ ಆ ಬಿಸಿ ಹೊರಗೂ ಹೋಗದು. ಅದಕ್ಕೇ ಸ್ಟಾಲುಗಳಿಗೆ 4 ಚದರ ಮಿಲಿಮೀಟರಿನ ಬೇರೆಯೇ ಕೇಬಲ್, ಬೇರೆ ಎಂಸಿಬಿ (ಹೊರೆ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು) ಇರಲಿ. ಸುರುಳಿ ಪೂರ್ತಿ ಬಿಚ್ಚಿ ಎಳೆಯಲಿ. ಎಂಸಿಬಿ ಮತ್ತೆ ಮತ್ತೆ ಬೀಳುತ್ತದೆಂದು ದೊಡ್ಡದು ಹಾಕುವುದು, ಹಳೆಯ ಕಿಟ್‌ಕ್ಯಾಟ್ ಫ್ಯೂಸಿಗೆ ವೈರಿನ ಎರಡು ಎಳೆ ಸುತ್ತುವುದು, ಇವೆರಡನ್ನೂ ಕಂಡರೆ ಕಾರ್ಯಕ್ರಮ ನಿಲ್ಲಿಸಿ ಸರಿ ಮಾಡಿಸಿ. ಎಂಸಿಬಿ ಬೀಳುತ್ತಿದೆಯೆಂದರೆ ಅದು ತನ್ನ ಕೆಲಸ ಮಾಡುತ್ತಿದೆ.

ಎರಡನೆಯದು ಜಾಯಿಂಟ್. ಬೆಂಕಿ ಹುಟ್ಟುವುದು ಹೆಚ್ಚಾಗಿ ವೈರಿನ ನಡುವಲ್ಲಲ್ಲ, ಎರಡು ವೈರು ಸೇರುವ ಗಂಟಿನಲ್ಲಿ. ಕರಾವಳಿಯಲ್ಲಿ ಇದು ಇನ್ನೂ ಜೋರು. ಉಪ್ಪುಗಾಳಿಗೆ ತಾಮ್ರದ ತುದಿ ವರ್ಷದೊಳಗೆ ಕಪ್ಪಾಗಿ ಹಸಿರು ಹಿಡಿಯುತ್ತದೆ. ಆ ಕಿಲುಬಿನ ಮೇಲೇ ತಿರುಚಿ ಟೇಪು ಸುತ್ತಿದರೆ ಗಂಟು ಕೆಂಡವಾಗುತ್ತದೆ. ಅಲ್ಲಿ ಹರಿಯುವ ಕರೆಂಟು ಮಿತಿಯೊಳಗೇ ಇರುವುದರಿಂದ ಎಂಸಿಬಿಗೆ ಇದು ಗೊತ್ತೇ ಆಗುವುದಿಲ್ಲ. ಕಳೆದ ವರ್ಷ ಬಳಸಿ ಸುತ್ತಿಟ್ಟ ವೈರಿನ ತುದಿಯನ್ನು ಹೊಳೆಯುವ ತಾಮ್ರ ಕಾಣುವ ತನಕ, ಬೇಕಾದರೆ ಎರಡು ಮೂರು ಇಂಚು, ಕತ್ತರಿಸಿ ಬಿಸಾಡಿ. ತಿರುಚುವ ಬದಲು ಲಗ್ ಹಾಕಿ ಒತ್ತಿ ಅಥವಾ ಸ್ಕ್ರೂ ಕನೆಕ್ಟರಿನಲ್ಲಿ ಬಿಗಿದು ಡಬ್ಬಿಯೊಳಗೆ ಮುಚ್ಚಿ. ಅಲ್ಯುಮಿನಿಯಂ ಸರ್ವೀಸ್ ವೈರಿಗೆ ತಾಮ್ರವನ್ನು ನೇರ ಸುತ್ತುವುದು ಉಪ್ಪುಗಾಳಿಯ ಊರಿನಲ್ಲಂತೂ ಕೂಡದು. ಎರಡು ಲೋಹದ ನಡುವೆ ತೇವ ಕೂತು ಅಲ್ಯುಮಿನಿಯಂ ತಿಂದುಹೋಗುತ್ತದೆ. ಅದಕ್ಕೆಂದೇ ಬೈಮೆಟಲ್ ಕನೆಕ್ಟರ್ ಸಿಗುತ್ತದೆ.

ಮೂರನೆಯದು ನ್ಯೂಟ್ರಲ್, ಅಂದರೆ ಕರೆಂಟು ಮರಳುವ ತಂತಿ. ದೊಡ್ಡ ಪೆಂಡಾಲಿಗೆ ತ್ರೀ ಫೇಸ್ ಎಳೆದಾಗ ಮೇನ್ ಬೋರ್ಡಿನಲ್ಲಿ ನ್ಯೂಟ್ರಲ್ ಸಡಿಲವಾಗಿ ಕಳಚಿದರೆ ಹೊರೆ ಕಡಿಮೆ ಇರುವ ಫೇಸಿನ ಮೇಲೆ 230ರ ಬದಲು 400 ವೋಲ್ಟಿನ ಹತ್ತಿರಕ್ಕೆ ಏರುತ್ತದೆ. ಸೀರಿಯಲ್ ಸೆಟ್, ಚಾರ್ಜರ್, ಆಂಪ್ಲಿಫೈಯರ್ ಒಟ್ಟಿಗೇ ಹೊಗೆಯಾಡುವುದು ಹೀಗೆ. ಮೂರೂ ಫೇಸಿಗೆ ಹೊರೆ ಸಮ ಹಂಚಿ, ನ್ಯೂಟ್ರಲ್ ಫೇಸಿನಷ್ಟೇ ದಪ್ಪವಿರಲಿ, ಅದರ ಸ್ಕ್ರೂವನ್ನು ಪ್ರತಿದಿನ ಸಂಜೆ ಮೇನ್ ಬಂದ್ ಮಾಡಿ ಬಿಗಿಯಿರಿ.

ನಾಲ್ಕನೆಯದು ಜನರೇಟರ್. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚು) ಹಾಕಿಸಿ ನಿಶ್ಚಿಂತರಾಗಿರುತ್ತಾರೆ. ಆದರೆ ಜನರೇಟರಿನ ನ್ಯೂಟ್ರಲನ್ನು ಅರ್ಥಿಗೆ ಕಟ್ಟದಿದ್ದರೆ ಸೋರಿಕೆ ಕರೆಂಟಿಗೆ ಮರಳುವ ದಾರಿಯೇ ಇಲ್ಲ, ಆರ್‌ಸಿಸಿಬಿ ಬೀಳುವುದೂ ಇಲ್ಲ. ಇದನ್ನು ಲೈಸೆನ್ಸ್ ಇರುವ ವೈರ್‌ಮನ್ ಕೈಯಲ್ಲೇ ಮಾಡಿಸಬೇಕು. ಒಣ ಮರಳಿನಲ್ಲಿ ಅರ್ಥ್ ಸಿಗುವುದು ಕಷ್ಟ, ತೇವ ಸಿಗುವ ಆಳಕ್ಕೆ ರಾಡ್ ಇಳಿಸಬೇಕು. ಜನರೇಟರ್ ಪೆಂಡಾಲಿನಿಂದ 15 ಮೀಟರ್ ದೂರ, ಗಾಳಿ ಬೀಸುವ ದಿಕ್ಕಿನ ಕೆಳಗೆ ಇರಲಿ. ಓಡುತ್ತಿರುವಾಗ, ಇಲ್ಲವೇ ಆಗಷ್ಟೇ ನಿಂತು ಬಿಸಿಯಿರುವಾಗ ಎಣ್ಣೆ ತುಂಬಬೇಡಿ. ರಾತ್ರಿಗೆ ಬೇಕಾದಷ್ಟನ್ನು ಸಂಜೆಯೇ ತುಂಬಿ, ಕ್ಯಾನ್ ಅಲ್ಲಿಂದ ಸಾಗಿಸಿ. ರಾಜಕೋಟದ ಗೇಮ್ ಝೋನ್‌ನಲ್ಲಿ 2024ರ ಮೇ 25ರಂದು ವೆಲ್ಡಿಂಗ್ ಕಿಡಿಯಿಂದ ಹೊತ್ತಿದ ಬೆಂಕಿ ಅಷ್ಟು ಭಯಂಕರವಾದದ್ದು ಒಳಗೆ ಕೂಡಿಟ್ಟಿದ್ದ ಇಂಧನದಿಂದ. ಅಂದಹಾಗೆ, ಜನ ಒಳಗಿರುವಾಗ ವೆಲ್ಡಿಂಗ್ ಎಂಬುದು ಎಲ್ಲೂ, ಎಂದೂ ಬೇಡ.

ಇಷ್ಟೆಲ್ಲ ಸರಿಯಿದೆಯೇ ಎಂದು ತಿಳಿಯಲು ಒಂದೇ ದಾರಿ, ಹಿಂದಿನ ದಿನದ ಒಂದು ತಾಸು. ಎಲ್ಲ ದೀಪ, ಧ್ವನಿವರ್ಧಕ, ಸ್ಟಾಲು ಪೂರ್ತಿ ಹೊರೆಯಲ್ಲಿ ಒಂದು ತಾಸು ಓಡಲಿ. ಆಮೇಲೆ ಮೇನ್ ಬಂದ್ ಮಾಡಿ, ಕೂಡಲೇ ಪ್ರತಿಯೊಂದು ಜಾಯಿಂಟ್, ಪ್ಲಗ್, ಎಂಸಿಬಿಯನ್ನು ಮುಂಗೈ ಹಿಂಭಾಗದಿಂದ ಮುಟ್ಟುತ್ತ ಹೋಗಿ. ಕೈ ಇಡಲಾಗದಷ್ಟು ಬಿಸಿಯಿರುವ ಗಂಟೇ ಮರುದಿನ ಹೊತ್ತಿಕೊಳ್ಳುವ ಗಂಟು. ಟೇಪು ಮೆತ್ತಗಾಗಿದ್ದರೆ, ಮೀನಿನಂಥ ವಾಸನೆ ಬಂದರೆ ಅದೂ ಅದೇ. ಈ ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ, ಆದರೂ ನಡೆಯುವುದು ತೀರ ಅಪರೂಪ. ಏಕೆಂದರೆ ವೈರಿಂಗ್ ಕೆಲಸ ಮುಗಿಯುವುದೇ ಉದ್ಘಾಟನೆಗೆ ಹತ್ತು ನಿಮಿಷ ಮುಂಚೆ. ಸಂಘಟಕರು ವೈರಿಂಗ್ ಗುತ್ತಿಗೆಯವರ ಜೊತೆ ದರ ಮಾತಾಡುವಾಗಲೇ ‘ಹಿಂದಿನ ದಿನ ಸಂಜೆ ಆರಕ್ಕೆ ಪೂರ್ತಿ ತಯಾರಿರಬೇಕು’ ಎಂಬ ಷರತ್ತು ಹಾಕಿದರೆ ಅರ್ಧ ಅಪಾಯ ಕಳೆಯುತ್ತದೆ.

ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ತಗ್ಗು ಹುಡುಕುತ್ತದೆ. ವೇದಿಕೆಯ ಅಡಿ, ನೆಲಮಾಳಿಗೆ, ಗಾಳಿಗೆ ಒಲೆ ಆರದಿರಲೆಂದು ಮೂರು ಕಡೆ ತಗಡು ಕಟ್ಟಿದ ಶ್ಯಾಕಿನ ಅಡುಗೆ ಮೂಲೆ ಇಂಥಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಸೇರಿದರೆ ಒಂದು ಸ್ವಿಚ್ಚಿನ ಕಿಡಿ ಸಾಕು. 19 ಕೆಜಿಯ ಸಿಲಿಂಡರ್ ಹೊರಗೆ, ನೆಟ್ಟಗೆ, ನೆರಳಲ್ಲಿ ಇರಲಿ. ಹೋಸ್ ಒಂದೂವರೆ ಮೀಟರಿಗಿಂತ ಉದ್ದ ಬೇಡ. ಸಿಲಿಂಡರ್ ಬದಲಿಸಿದಾಗೆಲ್ಲ ವಾಷರ್ ನೋಡಿ, ಗಂಟುಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಸೋರುವ ಜಾಗಕ್ಕೆ ಬೆಂಕಿ ಹಿಡಿದಿದ್ದು ವಾಲ್ವ್ ಮುಚ್ಚಲು ಆಗದಿದ್ದರೆ ಉರಿ ಆರಿಸಲು ಹೋಗಬೇಡಿ, ಆರಿದ ಮೇಲೆ ಸೋರುವ ಅನಿಲ ಇನ್ನೂ ಅಪಾಯ. ಜನರನ್ನು ದೂರ ಕಳಿಸಿ, ಆಗುವುದಾದರೆ ಮರೆಯಲ್ಲಿ ನಿಂತು ಸಿಲಿಂಡರಿನ ಮೈಗೆ ನೀರು ಹೊಡೆಯುತ್ತಿರಿ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಅನಿಲ ಬಂದ್ ಮಾಡಿ ಮುಚ್ಚಳ ಜಾರಿಸಿ, ನೀರು ಬೇಡ. ತೀರದ ಒದ್ದೆ ಮರಳೂ ಬೇಡ. ಅದರಲ್ಲಿರುವ ನೀರು ಹಬೆಯಾಗಿ ಉರಿಯುವ ಎಣ್ಣೆಯನ್ನು ಮುಖಕ್ಕೆ ಎರಚುತ್ತದೆ. ಬಕೆಟಿನ ಮರಳು ಒಣಗಿಸಿ, ಮುಚ್ಚಿ ಇಟ್ಟದ್ದಾಗಿರಬೇಕು.

ಇನ್ನು ದಾರಿ. 60 ಅಡಿಗೆ 40 ಅಡಿಯ ಪೆಂಡಾಲ್ ಎಂದರೆ 2400 ಚದರಡಿ, 223 ಚದರ ಮೀಟರ್. ಕುರ್ಚಿ ಹಾಕಿದಲ್ಲಿ ಒಬ್ಬರಿಗೆ 0.6 ಚದರ ಮೀಟರ್ ಲೆಕ್ಕ ಹಿಡಿದರೂ 370 ಜನ. ವೇದಿಕೆ, ಓಡಾಡುವ ದಾರಿ ಕಳೆದರೆ 300. ಅಲ್ಲಿ 600 ಜನ ಕೂತಿರುವುದು ನಮಗೆಲ್ಲ ಗೊತ್ತಿರುವುದೇ. ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ 60ರಿಂದ 80 ಜನ ಹೊರಬೀಳಬಹುದು, ಅದೂ ಯಾರೂ ಬೀಳದಿದ್ದರೆ. 600 ಜನಕ್ಕೆ ಒಂದೂವರೆ ಮೀಟರಿನ ಒಂದೇ ದ್ವಾರವಾದರೆ ಐದರಿಂದ ಏಳು ನಿಮಿಷ. ಬಟ್ಟೆ ಉರಿದು ಬೀಳಲು ಅಷ್ಟು ಹೊತ್ತು ಬೇಡ. ಅದೇ 300 ಜನಕ್ಕೆ ಎದುರುಬದುರು 2 ಮೀಟರಿನ ಎರಡು ದ್ವಾರ ಇದ್ದರೆ ಒಂದೂಕಾಲು ನಿಮಿಷದಲ್ಲಿ ಪೆಂಡಾಲ್ ಖಾಲಿ. ಕೂತಲ್ಲಿಂದ ಯಾವುದಾದರೂ ಒಂದು ದ್ವಾರ 15 ಮೀಟರಿನೊಳಗೆ ಸಿಗಬೇಕು.

ಟಿಕೆಟಿನ ಆಟ, ನಾಟಕಗಳಲ್ಲಿ ಟಿಕೆಟಿಲ್ಲದವರು ನುಗ್ಗದಿರಲೆಂದು ಸುತ್ತ ತಗಡು ಬಿಗಿದು ಒಂದೇ ಗೇಟು ಬಿಡುತ್ತಾರೆ. ಉಳಿದ ಗೇಟುಗಳಿಗೆ ಬೀಗ. ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಜನರು ಸತ್ತದ್ದರ ಹಿಂದೆ ಇದ್ದದ್ದೂ ಹೆಚ್ಚುವರಿ ಸೀಟು ಹಾಕಿ ಮುಚ್ಚಿದ ದಾರಿಯೇ. ಬೀಗದ ಬದಲು ಪ್ರತಿ ಗೇಟಿಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿ. ಬಾಗಿಲು ಹೊರಕ್ಕೆ ತೆರೆಯಲಿ, ಒಳಗಿನಿಂದ ಕೈಯಲ್ಲಿ ತೆಗೆಯುವ ಚಿಲಕವಷ್ಟೇ ಇರಲಿ. ಬಟ್ಟೆಯ ಸೈಡ್‌ವಾಲನ್ನು ಕೆಳಗೆ ಗೂಟಕ್ಕೆ ಬಿಗಿಯದೆ ಸಡಿಲ ಬಿಟ್ಟರೆ ಜನ ಎತ್ತಿ ನುಸುಳಿ ಹೊರಬರಬಹುದು. ಪ್ಲಾಸ್ಟಿಕ್ ಕುರ್ಚಿಗಳನ್ನು ನಾಲ್ಕು ನಾಲ್ಕು ಸೇರಿಸಿ ಕಾಲು ಕಟ್ಟಿ, ಬಿಡಿಬಿಡಿಯಾಗಿದ್ದರೆ ಉರುಳಿ ಕಾಲಿಗೆ ತೊಡರುತ್ತವೆ. ಒಂದು ಸಾಲಿಗೆ ಹತ್ತೇ ಕುರ್ಚಿ, ಆಮೇಲೆ ದಾರಿ. ಆ ದಾರಿಯಲ್ಲಿ ವಿಡಿಯೋದವರ ಸ್ಟ್ಯಾಂಡ್, ಗಣ್ಯರಿಗೆಂದು ತಂದ ಸೋಫಾ ಯಾವುದೂ ಬೇಡ. ಜನ ತಾವು ಬಂದ ಬಾಗಿಲಿಗೇ ಓಡುತ್ತಾರೆ, ಪಕ್ಕದಲ್ಲೇ ಇನ್ನೊಂದಿದ್ದರೂ ಕಾಣುವುದಿಲ್ಲ. ಆದ್ದರಿಂದ ಕಾರ್ಯಕ್ರಮ ಶುರುವಾಗುವ ಮುನ್ನ ನಿರೂಪಕರು ಕೈ ತೋರಿಸಿ ದ್ವಾರಗಳು ಎಲ್ಲೆಲ್ಲಿವೆ ಎಂದು ಹೇಳಲಿ. ಕಾರವಾರದಲ್ಲಾದರೆ ಕನ್ನಡದ ಜೊತೆ ಕೊಂಕಣಿಯಲ್ಲೂ, ಪ್ರವಾಸಿಗರಿರುವಲ್ಲಿ ಹಿಂದಿಯಲ್ಲೂ. ಪ್ರತಿ ದ್ವಾರದ ಮೇಲೆ ಚಾರ್ಜ್ ಆಗುವ ದೀಪ ಬೇಕು, ಮೇನ್ ಹೋದ ಕ್ಷಣ ಎಲ್ಲ ಕತ್ತಲೆ.

ಡಿಜೆ ಇರುವಲ್ಲಿ ಮೊದಲ ಕೆಲಸ ಡಿಜೆಯದ್ದೇ. ಸೂಚನೆ ಬಂದ ಕೂಡಲೇ ಹಾಡು ನಿಲ್ಲಿಸಿ, ಬಿಳಿ ದೀಪ ಹಾಕಿಸಿ, ಮೈಕಿನಲ್ಲಿ ಹೇಳಬೇಕು. ಹಾಡು ನಿಲ್ಲದಿದ್ದರೆ ಬೆಂಕಿಯನ್ನೂ ಜನ ಕಾರ್ಯಕ್ರಮದ ಭಾಗವೆಂದೇ ತಿಳಿದು ಮೊಬೈಲ್ ಎತ್ತಿ ಹಿಡಿಯುತ್ತಾರೆ. ಸ್ಟೇಷನ್ ಕ್ಲಬ್‌ನಲ್ಲಿ ಶುರುವಿನ ಸೆಕೆಂಡುಗಳು ಹಾಗೇ ಹೋದವು. ಅಡುಗೆಯವರು, ಪಾತ್ರೆ ತೊಳೆಯುವವರು, ಬೇರೆ ರಾಜ್ಯದಿಂದ ಬಂದು ಹಿಂದಿನ ಕೋಣೆಯಲ್ಲೇ ಮಲಗುವ ಹುಡುಗರು, ಇವರಿಗೂ ಎರಡು ದಾರಿ ಇವೆಯೇ ಎಂದು ಮಾಲೀಕರು ಖುದ್ದಾಗಿ ಆ ಕೋಣೆಯಲ್ಲಿ ನಿಂತು ನೋಡಬೇಕು.

ನಂದಿಸುವ ಸಿಲಿಂಡರಿನ ಬಗ್ಗೆ ಚಿಕ್ಕದಾಗಿ. 6 ಕೆಜಿಯ ಎಬಿಸಿ ಪೌಡರ್ ಸಿಲಿಂಡರ್ ಇಪ್ಪತ್ತು ಸೆಕೆಂಡಿನೊಳಗೆ ಖಾಲಿಯಾಗುತ್ತದೆ, ಕಸದಬುಟ್ಟಿಯಷ್ಟು ಬೆಂಕಿಗೆ ಅದು ಸಾಕು, ಉರಿಯುವ ಮಾಡಿಗೆ ಸಾಲದು. ಅದರ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿರಬೇಕು. ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ಅಲುಗಿಸದಿದ್ದರೆ ಪುಡಿ ತಳದಲ್ಲಿ ಗಟ್ಟಿಯಾಗುತ್ತದೆ. ಕರಾವಳಿಯಲ್ಲಿ ತಳದ ಬಳೆ ತುಕ್ಕು ಹಿಡಿದಿದೆಯೇ ಎತ್ತಿ ನೋಡಿ, ತುಕ್ಕಿದ್ದರೆ ಬಳಸಬೇಡಿ. ಕರೆಂಟ್ ಬೋರ್ಡಿನ ಹತ್ತಿರ ಕಾರ್ಬನ್ ಡೈಆಕ್ಸೈಡಿನದು ಇರಲಿ, ಅದಕ್ಕೆ ಮುಳ್ಳಿಲ್ಲ, ತೂಕ ಮಾಡಿಯೇ ತಿಳಿಯಬೇಕು. ಜೊತೆಗೆ 200 ಲೀಟರಿನ ಡ್ರಮ್ಮುಗಳಲ್ಲಿ ನೀರು, ಪಕ್ಕದಲ್ಲಿ ಬಕೆಟ್ಟು, ಒದ್ದೆ ಗೋಣಿ. ಎಲ್ಲಿ ಗಾಡಿ ಇಳಿಯಲಾರದೋ ಆ ತೀರಗಳ ಮಾಲೀಕರು ಸೇರಿ ಒಂದು ಪೆಟ್ರೋಲ್ ಪಂಪು, ಮೂರು ನಾಲ್ಕು ಉದ್ದ ಹೋಸ್ ಇಟ್ಟುಕೊಂಡರೆ ಸಮುದ್ರದ ನೀರೇ ಕೆಲಸಕ್ಕೆ ಬರುತ್ತದೆ. ಕರೆಂಟ್ ಬಂದ್ ಆದ ಮೇಲಷ್ಟೇ ಅದನ್ನು ಬಳಸಬೇಕು, ಬಳಸಿದ ಮೇಲೆ ಪಂಪನ್ನು ಸಿಹಿನೀರಿನಿಂದ ತೊಳೆಯಬೇಕು.

ತಾಲೂಕು ಆಡಳಿತ, ನಗರಸಭೆ, ಗ್ರಾಮ ಪಂಚಾಯಿತಿ, ಹೆಸ್ಕಾಂ, ಪೊಲೀಸ್ ಮತ್ತು ಅಗ್ನಿಶಾಮಕ ಇಲಾಖೆಗಳಲ್ಲಿ ನಮ್ಮ ಕೋರಿಕೆ ಇದು. ಅನುಮತಿ ಪತ್ರದಲ್ಲಿ ನಾಲ್ಕು ಸಾಲು ಕಡ್ಡಾಯವಾಗಿ ಬರೆಸಿ: ಹೊದಿಕೆ ಯಾವುದು, ಗರಿಷ್ಠ ಎಷ್ಟು ಜನ, ದ್ವಾರ ಎಷ್ಟು ಮತ್ತು ಎಷ್ಟು ಅಗಲ, ಒಟ್ಟು ಹೊರೆ ಎಷ್ಟು ಕಿಲೋವ್ಯಾಟ್. ಅದೇ ನಾಲ್ಕು ಸಾಲನ್ನು ದೊಡ್ಡಕ್ಷರದಲ್ಲಿ ಮುಂದಿನ ದ್ವಾರಕ್ಕೆ ತೂಗುಹಾಕಿಸಿ. ಆಗ ಟಿಕೆಟ್ ಕೊಂಡ ಯಾವನೇ ಪ್ರೇಕ್ಷಕ ಒಳಗೆ ಕಾಲಿಡುವ ಮೊದಲು ಲೆಕ್ಕ ಹಾಕಿ ಪ್ರಶ್ನೆ ಕೇಳಬಹುದು. ಪರಿಶೀಲನೆ ಬೆಳಿಗ್ಗೆ ಖಾಲಿ ಚೌಕಟ್ಟು ನೋಡಿ ಆಗಬಾರದು, ಬಟ್ಟೆ ಕಟ್ಟಿ ದೀಪ ಉರಿಯುತ್ತಿರುವಾಗ ಆಗಬೇಕು. ಜಾತ್ರೆಯ ದಿನಗಳಲ್ಲಿ ಅಗ್ನಿಶಾಮಕ ವಾಹನ ಠಾಣೆಯ ಬದಲು ಜನರ ಹತ್ತಿರವೇ ನಿಂತಿರಲಿ, ಅದರ ಮುಂದೆ 4 ಮೀಟರ್ ಅಗಲದ ದಾರಿಯನ್ನು ಬಳೆ ಅಂಗಡಿ, ಬೈಕು ಯಾವುದೂ ಕಟ್ಟದಂತೆ ಪೊಲೀಸರು ಕಾಯಲಿ.

ಬೆಂಕಿ ಕಂಡರೆ ಆರಿಸಲು ಯತ್ನಿಸುವ ಮೊದಲೇ ಒಬ್ಬರು 101 ಅಥವಾ 112ಕ್ಕೆ ಕರೆ ಮಾಡಲಿ. ಊರು, ಹತ್ತಿರದ ದೇವಸ್ಥಾನ ಅಥವಾ ಶಾಲೆ, ವಾಹನ ಎಲ್ಲಿಯವರೆಗೆ ಬರಬಲ್ಲದು, ಒಳಗೆ ಜನ ಇದ್ದಾರೆಯೇ, ಸಿಲಿಂಡರ್ ಇದೆಯೇ, ಇಷ್ಟನ್ನು ಹೇಳಿ. ಆ ಕಡೆಯವರು ಇಡುವ ತನಕ ಫೋನ್ ಇಡಬೇಡಿ. ಮತ್ತೊಬ್ಬರು ಟಾರ್ಚ್ ಹಿಡಿದು ಮುಖ್ಯ ರಸ್ತೆಯ ತಿರುವಿನಲ್ಲಿ ಹೋಗಿ ನಿಲ್ಲಲಿ. ಕತ್ತಲಲ್ಲಿ ಗಾಡಿ ಒಂದು ತಿರುವು ತಪ್ಪಿ ಮುಂದೆ ಹೋದರೆ ನಮ್ಮ ರಸ್ತೆಗಳಲ್ಲಿ ಹಿಂದಿರುಗಿಸಲು ಜಾಗ ಸಿಗುವುದೇ ಇನ್ನೊಂದು ಊರಿನಲ್ಲಿ.

ಇಂತಿ,
ಅಗ್ನಿಶಾಮಕ ಸೇವೆಯ ನಿವೃತ್ತ ಸಿಬ್ಬಂದಿ ಹಾಗೂ ವಿದ್ಯುತ್ ಗುತ್ತಿಗೆ ಕೆಲಸದವರು
ಕಾರವಾರ, ಶಿರಸಿ